ಅಮೆರಿಕದ ಲೈಬ್ರರಿಗಳಲ್ಲಿ ಪುಸ್ತಕ ನಿಷೇಧ: ಕನ್ನಡದ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಟೆಕ್ಸಾಸ್‌ಗೆ ಬಂದು ಹದಿನಾಲ್ಕು ವರ್ಷವಾಯಿತು. ಇಬ್ಬರು ಮಕ್ಕಳೂ ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಓದುತ್ತಿದ್ದಾರೆ. ವಾರಕ್ಕೊಂದು ದಿನ ಶಾಲೆಯ ಲೈಬ್ರರಿಗೆ ಹೋಗಿ ಮಕ್ಕಳು ವಾಪಸ್ ಕೊಟ್ಟ ಪುಸ್ತಕಗಳನ್ನು ಕಪಾಟಿಗೆ ಜೋಡಿಸಿ ಬರುತ್ತೇನೆ. ಅದಕ್ಕೇ ಇರಬೇಕು, ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ನಿಂತಾಗಲೂ ಯಾರಾದರೂ ಇದೇ ವಿಷಯ ಎತ್ತುತ್ತಾರೆ. ಪ್ರತಿ ಸಲ ಅರ್ಧ ಹೇಳಿ ಅರ್ಧ ಬಿಡುವ ಬದಲು ಎಲ್ಲ ಒಂದೇ ಕಡೆ ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಮಗಳು ಏನು ಓದಬೇಕು ಅನ್ನುವುದರಲ್ಲಿ ನನ್ನ ಮಾತು ನಡೆಯಬೇಕು. ಆದರೆ ಪಕ್ಕದ ಮನೆಯ ಮಗುವಿನ ಕೈಯಿಂದ ಪುಸ್ತಕ ಕಸಿಯುವ ಅಧಿಕಾರ ನನಗೆ ಬೇಡ. ಮುಂದಿನ ಉತ್ತರಗಳನ್ನೆಲ್ಲ ಈ ನಿಲುವಿನಲ್ಲಿ ನಿಂತೇ ಬರೆದಿದ್ದೇನೆ.

ನಿಷೇಧ ಅಂತಾರೆ, ಆದರೆ ಆ ಪುಸ್ತಕ ಅಂಗಡಿಯಲ್ಲಿ ಆರಾಮಾಗಿ ಸಿಗುತ್ತಲ್ವಾ?

ಸಿಗುತ್ತದೆ. ಇಲ್ಲಿ ನಿಷೇಧ ಅಂದರೆ ಸರ್ಕಾರ ಪುಸ್ತಕದ ಪ್ರತಿಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳುವುದಲ್ಲ. ಶಾಲೆಯ ಅಥವಾ ಊರಿನ ಲೈಬ್ರರಿಯ ಕಪಾಟಿನಿಂದ ತೆಗೆಯುವುದು. ಕೆಲವು ಸಲ ಪೂರ್ತಿ ತೆಗೆಯುತ್ತಾರೆ. ಕೆಲವು ಸಲ ಲೈಬ್ರೇರಿಯನ್ ಮೇಜಿನ ಹಿಂದೆ ಇಟ್ಟು, ಅಪ್ಪ ಅಮ್ಮನ ಚೀಟಿ ತಂದರೆ ಮಾತ್ರ ಕೊಡುತ್ತಾರೆ.

ಅಂಗಡಿಯಲ್ಲಿ ಸಿಗುತ್ತದೆ ಅನ್ನುವುದು ದುಡ್ಡಿರುವವರ ಉತ್ತರ. ಹದಿನೈದು, ಇಪ್ಪತ್ತು ಡಾಲರ್ ಕೊಟ್ಟು ಎಲ್ಲ ಮಕ್ಕಳ ಮನೆಯಲ್ಲೂ ಪುಸ್ತಕ ಕೊಳ್ಳುವುದಿಲ್ಲ. ಮನೆಯಲ್ಲಿ ಕೇಳಲಾಗದ ಪ್ರಶ್ನೆಗೆ ಉತ್ತರ ಹುಡುಕುವ ಮಗುವಂತೂ ಪುಸ್ತಕ ಕೊಡಿಸಿ ಎಂದು ಅಪ್ಪನನ್ನು ಕೇಳುವುದಿಲ್ಲ. ಅದಕ್ಕಿರುವುದು ಲೈಬ್ರರಿಯ ಮೂಲೆ ಮಾತ್ರ.

ಇದು ನಿಜವಾಗಿ ಎಷ್ಟು ದೊಡ್ಡದು? ಸುದ್ದಿಯವರು ಸುಮ್ನೆ ಊದುತ್ತಾರಾ?

ಲೆಕ್ಕ ಇಡುವವರು ಮುಖ್ಯವಾಗಿ ಇಬ್ಬರು. ಪೆನ್ ಅಮೆರಿಕ ಅನ್ನುವ ಬರಹಗಾರರ ಸಂಸ್ಥೆ ಶಾಲೆಗಳದ್ದನ್ನು ಮಾತ್ರ ಎಣಿಸುತ್ತದೆ. ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ, ಅಂದರೆ ಒಂದೇ ಆಡಳಿತಕ್ಕೆ ಸೇರಿದ ಸರ್ಕಾರಿ ಶಾಲೆಗಳ ಗುಂಪಿನಲ್ಲಿ, ಒಂದು ಪುಸ್ತಕ ಹೋದರೆ ಅದು ಒಂದು ಪ್ರಕರಣ. 2021-22ರಲ್ಲಿ ಅವರಿಗೆ ಸಿಕ್ಕಿದ್ದು 2,532 ಪ್ರಕರಣ. 2023-24ರಲ್ಲಿ 10,046. ಮರುವರ್ಷ 6,870ಕ್ಕೆ ಇಳಿಯಿತು, ಅದರಲ್ಲಿ ಫ್ಲಾರಿಡಾ ಒಂದರಲ್ಲೇ 2,304. ವಿಚಾರಣೆ ಮುಗಿಯುವವರೆಗೆ ಎತ್ತಿಟ್ಟ ಪುಸ್ತಕವನ್ನೂ ಇವರು ಎಣಿಸುತ್ತಾರೆ. ಹಾಗಾಗಿ ಅಂಕಿ ಜಾಸ್ತಿ ಕಾಣುತ್ತದೆ ಎಂದು ಕೆಲವರು ದೂರುತ್ತಾರೆ. ಅದು ನ್ಯಾಯವಾದ ಪ್ರಶ್ನೆಯೇ. ಆದರೆ ವಿಚಾರಣೆ ಮುಗಿಯುವ ಹೊತ್ತಿಗೆ ಆ ಪುಸ್ತಕ ಬೇಕಿದ್ದ ಹುಡುಗಿ ಮುಂದಿನ ಕ್ಲಾಸಿಗೆ ಹೋಗಿಬಿಟ್ಟಿರುತ್ತಾಳೆ.

ಇನ್ನೊಬ್ಬರು ಅಮೆರಿಕನ್ ಲೈಬ್ರರಿ ಅಸೋಸಿಯೇಷನ್. ಅವರು ಊರಿನ ಲೈಬ್ರರಿಗಳನ್ನೂ ಸೇರಿಸಿ, ಪುಸ್ತಕ ತೆಗೆಸುವ ಪ್ರಯತ್ನಗಳನ್ನು ಎಣಿಸುತ್ತಾರೆ.

ದೂರು ಕೊಡುವವರು ನಮ್ಮಂಥ ಪೋಷಕರೇ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಲೈಬ್ರರಿ ಅಸೋಸಿಯೇಷನ್‌ನ 2024ರ ಲೆಕ್ಕದಲ್ಲಿ ಪೋಷಕರಿಂದ ಬಂದಿದ್ದು ಶೇ. 16. ಶೇ. 72ರಷ್ಟು ಬಂದಿದ್ದು ಸಂಘಟಿತ ಗುಂಪುಗಳಿಂದ, ಬೋರ್ಡಿನ (ಆಡಳಿತ ಮಂಡಳಿಯ) ಸದಸ್ಯರಿಂದ, ಅಧಿಕಾರಿಗಳಿಂದ, ರಾಜಕಾರಣಿಗಳಿಂದ. ಒಂದು ಕಡೆ ತಯಾರಾದ ಪಟ್ಟಿ ಊರೂರಿಗೆ ಹೋಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್‌ನ ಒಬ್ಬ ಶಾಸಕರು ಸುಮಾರು 850 ಪುಸ್ತಕಗಳ ಪಟ್ಟಿಯನ್ನು ಶಾಲೆಗಳಿಗೆ ಕಳಿಸಿ, ಇವು ನಿಮ್ಮಲ್ಲಿವೆಯಾ ಎಂದು ಕೇಳಿದರು. ಓದದೇ ತೆಗೆಯುವ ಪದ್ಧತಿ ಇಂಥ ಪಟ್ಟಿಗಳಿಂದಲೇ ಹುಟ್ಟುತ್ತದೆ.

ಸ್ಕೂಲ್ ಬೋರ್ಡಿಗೆ ತನಗೆ ಬೇಡ ಅನ್ನಿಸಿದ ಪುಸ್ತಕ ತೆಗೆಯುವ ಅಧಿಕಾರ ಇದೆಯಾ?

ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದು ಶಾಲೆಯ ವಿದ್ಯಾರ್ಥಿಗಳು ಹಾಕಿದ ಕೇಸಿನಿಂದ. ಆ ಕಥೆ ನನಗೆ ಬಹಳ ಇಷ್ಟ.

ನ್ಯೂಯಾರ್ಕ್ ರಾಜ್ಯದ ಐಲ್ಯಾಂಡ್ ಟ್ರೀಸ್ ಅನ್ನುವ ಸ್ಕೂಲ್ ಡಿಸ್ಟ್ರಿಕ್ಟ್. 1975ರಲ್ಲಿ ಅಲ್ಲಿನ ಬೋರ್ಡಿನ ಕೆಲವು ಸದಸ್ಯರು ಪೋಷಕರ ಸಂಘಟನೆಯೊಂದರ ಸಮ್ಮೇಳನಕ್ಕೆ ಹೋಗಿ ಒಂದು ಪಟ್ಟಿ ತಂದರು. ನವೆಂಬರ್‌ನ ಒಂದು ರಾತ್ರಿ ಶಾಲೆಯ ಲೈಬ್ರರಿಗೆ ಹೋಗಿ, ಪಟ್ಟಿ ಹಿಡಿದು ಕೆಟಲಾಗ್ ಕಾರ್ಡುಗಳನ್ನು ತಡಕಿದರು. ಒಂಬತ್ತು ಪುಸ್ತಕ ಅಲ್ಲೇ ಸಿಕ್ಕವು, ಬೇರೆ ಕಡೆ ಇನ್ನೆರಡು. ರಿಚರ್ಡ್ ರೈಟ್, ಬರ್ನಾರ್ಡ್ ಮ್ಯಾಲಮಡ್ ಅಂಥ ಹೆಸರಾಂತ ಕಾದಂಬರಿಕಾರರ ಪುಸ್ತಕಗಳು. ಗದ್ದಲವಾದ ಮೇಲೆ ನಾಲ್ವರು ಪೋಷಕರು, ನಾಲ್ವರು ಶಾಲಾ ಸಿಬ್ಬಂದಿ ಸೇರಿದ ಸಮಿತಿ ಮಾಡಿದರು. ಸಮಿತಿ ಓದಿ, ಐದು ಪುಸ್ತಕ ಇರಲಿ ಎಂದಿತು. ಬೋರ್ಡು ಕೇಳಲಿಲ್ಲ. ಹನ್ನೊಂದರಲ್ಲಿ ಒಂದನ್ನು ಮಾತ್ರ ಷರತ್ತಿಲ್ಲದೆ ವಾಪಸ್ ಇಟ್ಟಿತು.

ಸ್ಟೀವನ್ ಪಿಕೊ ಮತ್ತು ನಾಲ್ವರು ವಿದ್ಯಾರ್ಥಿಗಳು ಕೇಸು ಹಾಕಿದರು. 1982ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ವಿದ್ಯಾರ್ಥಿಗಳ ಪರ ನಿಂತಿತು. ಪುಸ್ತಕದೊಳಗಿನ ವಿಚಾರ ತಮಗೆ ಹಿಡಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಬೋರ್ಡು ಅದನ್ನು ಲೈಬ್ರರಿಯಿಂದ ತೆಗೆಯುವಂತಿಲ್ಲ ಎಂದು ನ್ಯಾಯಮೂರ್ತಿ ಬ್ರೆನನ್ ಬರೆದರು. ಅಸಭ್ಯ ಎಂದೋ, ಪಾಠಕ್ಕೆ ಒಗ್ಗುವುದಿಲ್ಲ ಎಂದೋ ತೆಗೆಯಬಹುದು.

ಒಂದು ತೊಡಕಿದೆ. ಬ್ರೆನನ್ ಬರೆದ ಕಾರಣಗಳಿಗೆ ಐದು ನ್ಯಾಯಮೂರ್ತಿಗಳ ಪೂರ್ತಿ ಒಪ್ಪಿಗೆ ಇರಲಿಲ್ಲ. ಆ ಬಿರುಕಿನಲ್ಲೇ ಇವತ್ತಿನ ಜಗಳಗಳೆಲ್ಲ ನಡೆಯುತ್ತಿವೆ.

ಊರಿನ ಪಬ್ಲಿಕ್ ಲೈಬ್ರರಿ ಸುರಕ್ಷಿತ ತಾನೇ? ಅದು ದೊಡ್ಡವರದ್ದೂ ಅಲ್ವಾ?

ಟೆಕ್ಸಾಸ್‌ನಲ್ಲಿರುವವರು ಈ ಉತ್ತರವನ್ನು ದಯವಿಟ್ಟು ಪೂರ್ತಿ ಓದಿ.

ಲಾನೊ ಕೌಂಟಿ ಆಸ್ಟಿನ್‌ನಿಂದ ದೂರವೇನಲ್ಲ. ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು. 2021ರಲ್ಲಿ ಅಲ್ಲಿನ ಪಬ್ಲಿಕ್ ಲೈಬ್ರರಿಗಳಿಂದ 17 ಪುಸ್ತಕ ತೆಗೆದರು. ಕೆಲವು ಸಣ್ಣ ಮಕ್ಕಳ ತಮಾಷೆ ಪುಸ್ತಕಗಳು. ಒಂದು, ಕಪ್ಪು ಜನರ ಮೇಲೆ ದಾಳಿ ಮಾಡುತ್ತಿದ್ದ ಬಿಳಿಯರ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಇತಿಹಾಸ. ಇನ್ನೊಂದು ಇಸಬೆಲ್ ವಿಲ್ಕರ್ಸನ್ ಅವರ 'ಕಾಸ್ಟ್'. ಹೌದು, ಜಾತಿ ಅನ್ನುವುದೇ ಅದರ ಹೆಸರು. ಅಮೆರಿಕದ ಬಿಳಿ, ಕಪ್ಪು ಭೇದವನ್ನು ನಮ್ಮ ಜಾತಿ ಪದ್ಧತಿಯ ಪಕ್ಕದಲ್ಲಿಟ್ಟು ನೋಡುವ ಪುಸ್ತಕ. ಅಂಬೇಡ್ಕರ್ ಬರುತ್ತಾರೆ. ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಕೇರಳದ ಶಾಲೆಗೆ ಹೋದಾಗ ಅವರನ್ನು ಅಮೆರಿಕದ ಅಸ್ಪೃಶ್ಯ ಎಂದು ಪರಿಚಯಿಸಿದ ಪ್ರಸಂಗ ಬರುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಊರಿನ ಜಾತಿಯ ವಿಷಯ ಹೇಗೆ ಹೇಳುವುದು ಎಂದು ನಾವೆಲ್ಲ ತಡವರಿಸುತ್ತೇವಲ್ಲ, ಅದಕ್ಕೆ ದಾರಿ ಮಾಡಿಕೊಡುವ ಪುಸ್ತಕ ಅದು. ಅದು ಪಟ್ಟಿಯಲ್ಲಿತ್ತು ಎಂದು ತಿಳಿದ ದಿನ ನನಗೆ ಇದು ಇವರ ಜಗಳ, ನಮ್ಮದಲ್ಲ ಅನ್ನಿಸುವುದು ನಿಂತಿತು.

ಅಲ್ಲಿನ ಏಳು ಮಂದಿ ಓದುಗರು ಕೇಸು ಹಾಕಿದರು. 2023ರ ಮಾರ್ಚ್‌ನಲ್ಲಿ ಫೆಡರಲ್ ನ್ಯಾಯಾಧೀಶರು ಪುಸ್ತಕ ವಾಪಸ್ ಇಡಿ ಎಂದರು. ಕೌಂಟಿಯವರು ಲೈಬ್ರರಿಯನ್ನೇ ಮುಚ್ಚಿಬಿಡೋಣವೇ ಎಂದು ಸಭೆ ಸೇರಿದರು. ಜನ ಬಂದು ವಿರೋಧಿಸಿದ ಮೇಲೆ ಕೈಬಿಟ್ಟರು. ಆದರೆ 2025ರ ಮೇ ತಿಂಗಳಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟ್ 10-7ರಲ್ಲಿ ಕೌಂಟಿಯ ಪರ ತೀರ್ಪು ಕೊಟ್ಟಿತು. ಲೈಬ್ರರಿಯಿಂದ ಪುಸ್ತಕ ತೆಗೆದದ್ದನ್ನು, ಮಾಹಿತಿ ಪಡೆಯುವ ಹಕ್ಕಿನ ಹೆಸರಿನಲ್ಲಿ ಓದುಗರು ಪ್ರಶ್ನಿಸುವಂತಿಲ್ಲ ಅನ್ನುವುದು ಅದರ ಸಾರ. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮೇಲ್ಮನವಿ ತೆಗೆದುಕೊಳ್ಳಲಿಲ್ಲ. ಹಾಗಾಗಿ ಐದನೇ ಸರ್ಕ್ಯೂಟ್ ಕೋರ್ಟಿನ ವ್ಯಾಪ್ತಿಗೆ ಬರುವ ಟೆಕ್ಸಾಸ್, ಲೂಸಿಯಾನ, ಮಿಸಿಸಿಪಿ, ಈ ಮೂರು ರಾಜ್ಯಗಳಲ್ಲಿ ಸದ್ಯ ನಡೆಯುವುದು ಈ ತೀರ್ಪು.

ಈಬುಕ್ ಇದೆಯಲ್ಲ, ಅದನ್ನು ಯಾರು ತಡೆಯುತ್ತಾರೆ?

ಅದೇ ಲಾನೊ ಕೌಂಟಿಯಲ್ಲಿ ಒಂದೆರಡು ಪುಸ್ತಕ ಮಾತ್ರ ತಡೆಯಲು ಆಗುವುದಿಲ್ಲ ಎಂದು ಇಡೀ ಈಬುಕ್ ಸೇವೆಯನ್ನೇ ನಿಲ್ಲಿಸಿದ್ದರು.

ಆದರೂ ಒಂದು ಒಳ್ಳೆಯ ದಾರಿ ಇದೆ. ನ್ಯೂಯಾರ್ಕ್‌ನ ಬ್ರೂಕ್ಲಿನ್ ಪಬ್ಲಿಕ್ ಲೈಬ್ರರಿ 2022ರ ಏಪ್ರಿಲ್‌ನಲ್ಲಿ ಒಂದು ಯೋಜನೆ ಶುರು ಮಾಡಿತು. 13ರಿಂದ 21 ವರ್ಷದ ಹುಡುಗ ಹುಡುಗಿಯರು ಅಮೆರಿಕದ ಯಾವ ಮೂಲೆಯಲ್ಲಿದ್ದರೂ ಅವರ ಈಬುಕ್ ಕಾರ್ಡ್ ಉಚಿತವಾಗಿ ಪಡೆಯಬಹುದು. ಹದಿಹರೆಯದ ಮಕ್ಕಳಿರುವ ಮನೆಯವರಿಗೆಲ್ಲ ನಾನು ಹೇಳುವ ಮೊದಲ ಮಾತು ಇದೇ.

ಟೆಕ್ಸಾಸ್‌ನ ಹೊಸ ಕಾನೂನು ಏನು ಹೇಳುತ್ತದೆ?

ಸೆನೆಟ್ ಬಿಲ್ 13 ಎನ್ನುತ್ತಾರೆ. 2025ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಶಾಲೆಯ ಲೈಬ್ರರಿಗೆ ಬರುವ ಪ್ರತಿ ಹೊಸ ಪುಸ್ತಕಕ್ಕೂ ಸ್ಕೂಲ್ ಬೋರ್ಡಿನ ಒಪ್ಪಿಗೆ ಬೇಕು. ದಾನವಾಗಿ ಕೊಟ್ಟದ್ದಕ್ಕೂ ಬೇಕು. ಒಪ್ಪಿಗೆಗೆ ಮೊದಲು ಪಟ್ಟಿಯನ್ನು 30 ದಿನ ಸಾರ್ವಜನಿಕವಾಗಿ ಹಾಕಬೇಕು. ನಿಮ್ಮ ಮಗು ಯಾವ ಪುಸ್ತಕ ತೆಗೆದುಕೊಂಡಿದೆ ಎಂದು ನೀವು ನೋಡಬಹುದು. ಯಾವುದನ್ನು ನಿಮ್ಮ ಮಗುವಿಗೆ ಕೊಡಬಾರದು ಎಂದೂ ಬರೆದುಕೊಡಬಹುದು.

ಕೊನೆಯ ಎರಡರಲ್ಲಿ ನನಗೆ ದೊಡ್ಡ ತಕರಾರಿಲ್ಲ. ಅವು ಅವರವರ ಮಗುವಿನ ವಿಷಯ. ಮೊದಲನೆಯದು ಮಾತ್ರ ಕಷ್ಟ. ಬೋರ್ಡು ಸೇರುವುದು ಸಾಮಾನ್ಯವಾಗಿ ತಿಂಗಳಿಗೊಮ್ಮೆ. ಒಂದು ಸರಣಿಯ ಹೊಸ ಭಾಗ ಬಂತು ಎಂದು ಮಕ್ಕಳು ಕೇಳಿದರೆ, ಅದು ಕೈಗೆ ಬರುವ ಹೊತ್ತಿಗೆ ಆಸೆಯೇ ಆರಿಹೋಗಿರುತ್ತದೆ.

ನಾವು ಬೇರೆ ರಾಜ್ಯದಲ್ಲಿದ್ದೇವೆ. ಅಲ್ಲಿ ಹೇಗೆ?

ಫ್ಲಾರಿಡಾದ 2023ರ ಕಾನೂನಿನಲ್ಲಿ, ಲೈಂಗಿಕ ವಿಷಯ ಇದೆ ಎಂದು ಪೋಷಕರೋ ಆ ಕೌಂಟಿಯ ನಿವಾಸಿಯೋ ದೂರು ಕೊಟ್ಟರೆ ಐದು ಶಾಲಾ ದಿನದೊಳಗೆ ಪುಸ್ತಕ ಎತ್ತಿಡಬೇಕು. ವಿಚಾರಣೆ ಆಮೇಲೆ. 2025ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಆ ಕಾನೂನಿನ ಒಂದು ಭಾಗ ಸಂವಿಧಾನಕ್ಕೆ ವಿರುದ್ಧ ಎಂದರು. ಯೂಟಾದಲ್ಲಿ 2024ರಿಂದ ಮೂರು ಡಿಸ್ಟ್ರಿಕ್ಟ್‌ಗಳು ಒಂದು ಪುಸ್ತಕ ತೆಗೆದರೆ ಸಾಕು, ಇಡೀ ರಾಜ್ಯದ ಸರ್ಕಾರಿ ಶಾಲೆಗಳಿಂದ ಹೋಗುತ್ತದೆ. ಇದೇ ಯೂಟಾದ ಒಂದು ಡಿಸ್ಟ್ರಿಕ್ಟ್‌ನಲ್ಲಿ 2023ರಲ್ಲಿ ಯಾರೋ ಬೈಬಲ್ ಮೇಲೆ ದೂರು ಕೊಟ್ಟು, ಅದನ್ನೂ ಸಣ್ಣ ಮಕ್ಕಳ ಶಾಲೆಗಳಿಂದ ತೆಗೆದು, ಆಮೇಲೆ ವಾಪಸ್ ಇಟ್ಟರು.

ಎದುರು ದಿಕ್ಕಿನಲ್ಲಿ ನಡೆದವರೂ ಇದ್ದಾರೆ. ಇಲಿನಾಯ್ 2023ರಲ್ಲಿ ಮೊದಲ ಕಾನೂನು ಮಾಡಿತು. ಪುಸ್ತಕ ನಿಷೇಧಿಸುವ ಲೈಬ್ರರಿಗೆ ರಾಜ್ಯದ ಅನುದಾನ ಇಲ್ಲ ಎಂದಿತು. ಕ್ಯಾಲಿಫೋರ್ನಿಯ, ನ್ಯೂಜೆರ್ಸಿಗಳಲ್ಲಿ 2024ರಲ್ಲಿ ಓದುವ ಸ್ವಾತಂತ್ರ್ಯದ ಕಾನೂನುಗಳು ಬಂದವು.

ಹಾಗಾದರೆ ಐದನೇ ಕ್ಲಾಸಿನ ಮಗುವಿಗೆ ಏನು ಬೇಕಾದರೂ ಕೊಡಬಹುದಾ?

ಖಂಡಿತ ಇಲ್ಲ. ಯಾವ ಲೈಬ್ರೇರಿಯನ್ನೂ ಹಾಗೆ ಹೇಳುವುದಿಲ್ಲ. ಅವರಿಗೆ ಅದೇ ಓದು, ಅದೇ ತರಬೇತಿ. ವಿಮರ್ಶೆ ನೋಡಿ, ವಯಸ್ಸು ನೋಡಿ ತರಿಸುತ್ತಾರೆ. ಹೈಸ್ಕೂಲಿನ ಪುಸ್ತಕ ಪ್ರೈಮರಿಯ ಕಪಾಟಿಗೆ ಬಂದಿದ್ದರೆ ಹೇಳಿ, ಸರಿಯಾದ ಕಡೆ ಇಡುತ್ತಾರೆ. ಅದು ನಿಷೇಧವಲ್ಲ.

ನನಗೂ ಒಮ್ಮೆ ಹೀಗಾಗಿತ್ತು. ಮಗಳು ಆರನೇ ಕ್ಲಾಸಿನಲ್ಲಿದ್ದಾಗ ತಂದ ಒಂದು ಚಿತ್ರಕಥೆಯ ಪುಸ್ತಕದಲ್ಲಿ ಎರಡು ಪುಟ ನೋಡಿ ಎದೆ ಧಸಕ್ಕೆಂದಿತು. ಶಾಲೆಗೆ ಮೇಲ್ ಬರೆಯಲು ಕೂತೆ. ಕಳಿಸುವ ಮೊದಲು ಪುಸ್ತಕ ಓದಿಬಿಡೋಣ ಅನ್ನಿಸಿತು. ಮನೆಯಲ್ಲಿ ಯಾರಿಗೂ ಹೇಳಿಕೊಳ್ಳಲಾಗದೆ ಒದ್ದಾಡುವ ಒಬ್ಬ ಹುಡುಗಿಯ ಕಥೆ ಅದು. ಮೇಲ್ ಅಳಿಸಿದೆ. ಮಗಳಿಗೆ ಇನ್ನೆರಡು ವರ್ಷ ಬಿಟ್ಟು ಇಬ್ಬರೂ ಓದೋಣ ಎಂದೆ. ಹಾಗೇ ಓದಿದೆವು. ನಡುವಿನ ಆ ಎರಡು ವರ್ಷ ಅದು ಕಪಾಟಿನಲ್ಲಿ ಬೇರೆ ಯಾರಿಗೋ ಕಾಯುತ್ತಿತ್ತು. ಅದು ನನಗೆ ಸಮಾಧಾನ.

ಪುಸ್ತಕ ತೆಗೆಸಲು ಬಂದವರು ಬೋರ್ಡ್ ಸಭೆಯಲ್ಲಿ ಅದರಿಂದ ಓದುವ ಸಾಲುಗಳನ್ನು ಕೇಳಿದ್ದೀರಾ? ಅದು ಅಸಹ್ಯವಲ್ವಾ?

ಕೇಳಿದ್ದೇನೆ. ಮೂರು ನಿಮಿಷದಲ್ಲಿ, ಮೈಕಿನಲ್ಲಿ, ಹಿಂದೆ ಮುಂದೆ ಇಲ್ಲದೆ ಓದಿದರೆ ಮುಜುಗರವಾಗುತ್ತದೆ. ಆದರೆ ಜನ್ನನ ಯಶೋಧರ ಚರಿತೆಯನ್ನು ನೆನಪಿಸಿಕೊಳ್ಳಿ. 1209ರ ಸುಮಾರಿಗೆ ಬರೆದ ಕಾವ್ಯ. ರಾಣಿ ಅಮೃತಮತಿ ಮಾವುತ ಅಷ್ಟಾವಂಕನ ಹಾಡಿಗೆ ಸೋತು ರಾತ್ರಿ ಎದ್ದುಹೋಗುವ ಭಾಗವನ್ನಷ್ಟೇ ಹರಿದು ಮೈಕಿನಲ್ಲಿ ಓದಿದರೆ ಏನನ್ನಿಸಬಹುದು? ಆ ಕಾವ್ಯ ಇರುವುದು ಹಿಂಸೆಯ ಬಗ್ಗೆ. ಹಿಟ್ಟಿನ ಕೋಳಿಯನ್ನು ಕಡಿದರೂ, ಕೊಲ್ಲುವ ಸಂಕಲ್ಪಕ್ಕೆ ಜನ್ಮ ಜನ್ಮ ತೆರಬೇಕಾಗುತ್ತದೆ ಅನ್ನುವುದರ ಬಗ್ಗೆ. ಅದನ್ನು ನಾವು ಕಾಲೇಜಿನಲ್ಲಿ ಪಾಠವಾಗಿ ಓದಿದೆವು. ಯಾರೂ ಕೆಡಲಿಲ್ಲ.

ಇಲ್ಲಿನ ಕಾನೂನೂ ಇದನ್ನೇ ಹೇಳುತ್ತದೆ. ದೊಡ್ಡವರ ವಿಷಯದಲ್ಲಿ ಒಂದು ಕೃತಿ ಅಶ್ಲೀಲವೋ ಅಲ್ಲವೋ ಎಂದು ತೀರ್ಮಾನಿಸಲು ಅದನ್ನು ಇಡಿಯಾಗಿ ನೋಡಬೇಕು ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ.

ಹಳೆಯ ಪುಸ್ತಕ ತೆಗೆದರೆ ಅದೂ ನಿಷೇಧವಾ?

ಅಲ್ಲ. ಹರಿದ, ಹಳಸಿದ, ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕ ತೆಗೆಯುವುದು ಲೈಬ್ರೇರಿಯನ್‌ಗಳ ದಿನದ ಕೆಲಸ. ಅದಕ್ಕೆ ವೀಡಿಂಗ್ ಅಂತಾರೆ, ಹೊಲದಲ್ಲಿ ಕಳೆ ಕಿತ್ತ ಹಾಗೆ. ಲಾನೊ ಕೌಂಟಿಯವರು ಕೋರ್ಟಿನಲ್ಲಿ ಇದನ್ನೇ ಹೇಳಿದರು. ವ್ಯತ್ಯಾಸ ಗೊತ್ತಾಗಬೇಕಾದರೆ ಒಂದೇ ಪ್ರಶ್ನೆ ಕೇಳಿ: ಪಟ್ಟಿ ಮೊದಲು ಬಂತಾ, ಪರಿಶೀಲನೆ ಮೊದಲು ಬಂತಾ?

ನಮ್ಮ ಶಾಲೆಯಲ್ಲಿ ಒಂದೂ ಪುಸ್ತಕ ತೆಗೆದಿಲ್ಲ. ಹಾಗಾದರೆ ಚಿಂತೆ ಇಲ್ಲ ಅಲ್ವಾ?

ನನಗೆ ಜಾಸ್ತಿ ಚಿಂತೆ ಇರುವುದು ಇಲ್ಲೇ. ತೆಗೆದ ಪುಸ್ತಕದ ಲೆಕ್ಕ ಸಿಗುತ್ತದೆ. ತರಿಸದೇ ಬಿಟ್ಟ ಪುಸ್ತಕದ ಲೆಕ್ಕ ಯಾರ ಹತ್ತಿರವೂ ಇಲ್ಲ. ಕೆಲಸ ಹೋಗುವ ಭಯವಿದ್ದರೆ ಲೈಬ್ರೇರಿಯನ್ ಏನು ಮಾಡುತ್ತಾರೆ? ಗಲಾಟೆ ಆಗಬಹುದಾದ ಪುಸ್ತಕವನ್ನು ಪಟ್ಟಿಗೇ ಸೇರಿಸುವುದಿಲ್ಲ. ಅವರನ್ನು ದೂರುವ ಮನಸ್ಸು ನನಗಿಲ್ಲ. ಲಾನೊದಲ್ಲಿ ಪುಸ್ತಕ ತೆಗೆಯಲು ಒಪ್ಪದ ಲೈಬ್ರೇರಿಯನ್ ಒಬ್ಬರು 2022ರಲ್ಲಿ ಕೆಲಸ ಕಳೆದುಕೊಂಡರು. ಫ್ಲಾರಿಡಾದ ಮನಟೀ ಕೌಂಟಿಯಲ್ಲಿ 2023ರ ಜನವರಿಯಲ್ಲಿ ಕೆಲವು ಶಿಕ್ಷಕರು ತಮ್ಮ ಕ್ಲಾಸಿನ ಪುಸ್ತಕದ ಕಪಾಟುಗಳಿಗೆ ಕಾಗದ ಮುಚ್ಚಿದರು. ಒಪ್ಪಿಗೆ ಸಿಗದ ಪುಸ್ತಕ ಮಗುವಿನ ಕೈಗೆ ಹೋದರೆ ತಮ್ಮ ಮೇಲೆ ಕ್ರಿಮಿನಲ್ ಕೇಸು ಬೀಳಬಹುದು ಅನ್ನುವ ಹೆದರಿಕೆ.

ನಿಷೇಧ ಮಾಡಿದರೆ ಪುಸ್ತಕ ಇನ್ನೂ ಚೆನ್ನಾಗಿ ಮಾರಾಟವಾಗುತ್ತದೆ ಅಂತಾರೆ.

ಒಂದೆರಡಕ್ಕೆ ನಿಜ. 2022ರ ಜನವರಿಯಲ್ಲಿ ಟೆನೆಸ್ಸಿಯ ಮೆಕ್‌ಮಿನ್ ಕೌಂಟಿಯ ಬೋರ್ಡು, ಯಹೂದಿಗಳ ನರಮೇಧದ ಚಿತ್ರಕಥೆ 'ಮೌಸ್' ಅನ್ನು ಎಂಟನೇ ಕ್ಲಾಸಿನ ಪಾಠದಿಂದ 10-0 ಮತದಲ್ಲಿ ತೆಗೆಯಿತು. ಪುಸ್ತಕ ದೇಶದ ತುಂಬ ಮಾರಾಟವಾಯಿತು. ಆದರೆ ಅದು ಮೊದಲೇ ಹೆಸರಾದ ಪುಸ್ತಕ. ಮೊದಲ ಪುಸ್ತಕ ಬರೆದ ಒಬ್ಬ ಲೇಖಕಿಗೆ ಶಾಲೆಗಳ ಖರೀದಿ ನಿಂತರೆ ಎರಡನೇ ಪುಸ್ತಕ ಬರುವುದೇ ಕಷ್ಟ.

ಮಕ್ಕಳು ಇದರಲ್ಲಿ ಏನಾದರೂ ಮಾಡಬಹುದಾ?

ಮಾಡಿದ್ದಾರೆ. ಪೆನ್ಸಿಲ್ವೇನಿಯದ ಸೆಂಟ್ರಲ್ ಯಾರ್ಕ್‌ನಲ್ಲಿ 2020ರಲ್ಲಿ ಪುಸ್ತಕ ಮತ್ತಿತರ ಪಾಠ ಸಾಮಗ್ರಿಗಳ ಒಂದು ದೊಡ್ಡ ಪಟ್ಟಿಯನ್ನು ಬೋರ್ಡು ತಡೆಹಿಡಿಯಿತು. ಹೆಚ್ಚಿನವು ಬಿಳಿಯರಲ್ಲದ ಲೇಖಕರದ್ದು. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ರೋಸಾ ಪಾರ್ಕ್ಸ್ ಬಗೆಗಿನ ಪುಟಾಣಿ ಮಕ್ಕಳ ಪುಸ್ತಕವೂ ಅದರಲ್ಲಿತ್ತು. ಹೈಸ್ಕೂಲಿನ ಮಕ್ಕಳು ದಿನಾ ಬೆಳಿಗ್ಗೆ ಶಾಲೆಯ ಮುಂದೆ ಫಲಕ ಹಿಡಿದು ನಿಂತರು. 2021ರ ಸೆಪ್ಟೆಂಬರ್‌ನಲ್ಲಿ ಬೋರ್ಡು ತೀರ್ಮಾನ ವಾಪಸ್ ತೆಗೆದುಕೊಂಡಿತು.

ನಮ್ಮ ಊರಿನಲ್ಲೂ ನಿಷೇಧ ಇದೆಯಲ್ಲ. ಅಮೆರಿಕದವರನ್ನು ಯಾಕೆ ದೂರಬೇಕು?

ದೂರುವುದಕ್ಕಲ್ಲ, ಹೋಲಿಸಿ ನೋಡುವುದಕ್ಕೆ. ಭಾರತದಲ್ಲಿ ರಾಜ್ಯ ಸರ್ಕಾರವೇ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಮೊದಲು ಸಿಆರ್‌ಪಿಸಿ 95ನೇ ಸೆಕ್ಷನ್, ಈಗ ನಾಗರಿಕ ಸುರಕ್ಷಾ ಸಂಹಿತೆಯ 98. ಕರ್ನಾಟಕ ಸರ್ಕಾರ 1997ರಲ್ಲಿ ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು ಹೀಗೆ ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪ ಅವರು ಪ್ರಶ್ನಿಸಿದರು. 2007ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. 2025ರ ಆಗಸ್ಟ್‌ನಲ್ಲಿ ಜಮ್ಮು ಮತ್ತು ಕಾಶ್ಮೀರದಲ್ಲಿ ಒಂದೇ ಆದೇಶದಲ್ಲಿ 25 ಪುಸ್ತಕ ಹೋದವು. ಅಲ್ಲಿ ಅಂಗಡಿಯಲ್ಲೂ ಸಿಗುವುದಿಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಕನ್ನಡದ ಹೊಸ ಪುಸ್ತಕಗಳು ಹೆಚ್ಚಾಗಿ ಸಗಟು ಖರೀದಿಯ ಆಯ್ಕೆಯಲ್ಲಿ ಬರುತ್ತವೆ. ಆದರೆ ಈ ಪುಸ್ತಕ ಯಾಕೆ ಇಲ್ಲ ಎಂದು ಲೈಬ್ರರಿಗೆ ಹೋಗಿ ಕೇಳುವ ಅಭ್ಯಾಸ ನಮ್ಮಲ್ಲಿ ಕಡಿಮೆ. ಇಲ್ಲಿ ಆ ಜಗಳ ಬೋರ್ಡ್ ಸಭೆಯಲ್ಲಿ, ಎಲ್ಲರ ಮುಂದೆ ನಡೆಯುತ್ತದೆ. ಅಷ್ಟರ ಮಟ್ಟಿಗೆ ಇದು ಒಳ್ಳೆಯದೇ.

ನಾವು ವೀಸಾ ಮೇಲೆ ಇದ್ದೇವೆ. ನಾವು ಮಾತಾಡಬಹುದಾ?

ಬೋರ್ಡ್ ಸಭೆಯಲ್ಲಿ ಸಾರ್ವಜನಿಕರಿಗೆ ಮಾತಾಡಲು ಸಮಯ ಕೊಡುತ್ತಾರೆ. ಪೋಷಕರಾಗಿ ನೀವು ಹೆಸರು ಬರೆಸಿ ಮಾತಾಡಬಹುದು. ಲೈಬ್ರರಿ ಕಾರ್ಡಿಗೂ ಸಾಮಾನ್ಯವಾಗಿ ಗುರುತಿನ ಚೀಟಿ, ವಿಳಾಸದ ಪುರಾವೆ ಸಾಕು. ಮತ ಹಾಕಲು ಮಾತ್ರ ಸಾಮಾನ್ಯವಾಗಿ ಪೌರತ್ವ ಬೇಕು. ಪೌರತ್ವ ಸಿಕ್ಕವರಲ್ಲಿ ನನ್ನದೊಂದು ಬಿನ್ನಹ: ಸ್ಕೂಲ್ ಬೋರ್ಡ್ ಚುನಾವಣೆಗೆ ಬರುವವರು ಬಹಳ ಕಡಿಮೆ. ದಯವಿಟ್ಟು ಹೋಗಿ.

ನನಗೆ ನಿಜವಾಗಿಯೂ ಒಂದು ಪುಸ್ತಕದ ಮೇಲೆ ಆಕ್ಷೇಪ ಇದೆ. ಏನು ಮಾಡಲಿ?

ಮೊದಲು ಪೂರ್ತಿ ಓದಿ. ಆಮೇಲೆ ಲೈಬ್ರೇರಿಯನ್ ಹತ್ತಿರ ಹೋಗಿ, ಇದನ್ನು ಯಾಕೆ ಇಟ್ಟಿದ್ದೀರಿ ಎಂದು ಸಮಾಧಾನವಾಗಿ ಕೇಳಿ. ನಿಮ್ಮ ಮಗುವಿಗೆ ಮಾತ್ರ ಕೊಡಬೇಡಿ ಎಂದರೆ ಅಲ್ಲಿಗೇ ಮುಗಿಯುತ್ತದೆ. ಅಷ್ಟು ಸಾಲದು ಅನ್ನಿಸಿದರೆ ಮರುಪರಿಶೀಲನೆಯ ಫಾರಂ ಇರುತ್ತದೆ, ತುಂಬಿ ಕೊಡಿ. ಅದು ನಿಮ್ಮ ಹಕ್ಕು. ವಿಚಾರಣೆ ಮುಗಿಯುವ ತನಕ ಪುಸ್ತಕ ಕಪಾಟಿನಲ್ಲೇ ಇರಲಿ ಎಂದು ಕೇಳುವುದು ನನ್ನಂಥವರ ಹಕ್ಕು. ಆದರೆ ಕೆಲವು ರಾಜ್ಯಗಳಲ್ಲಿ ಕಾನೂನು ಅದಕ್ಕೆ ಬಿಡುವುದಿಲ್ಲ.

ವಾಟ್ಸಾಪ್‌ನಲ್ಲಿ ಬಂದ ಪಟ್ಟಿಯನ್ನು ಮಾತ್ರ ಮುಂದೆ ಕಳಿಸಬೇಡಿ.

ಇಲ್ಲಿನ ಲೈಬ್ರರಿಗೆ ಕನ್ನಡ ಪುಸ್ತಕ ತರಿಸಬಹುದಾ?

ಊರಿನ ಪಬ್ಲಿಕ್ ಲೈಬ್ರರಿಗಾದರೆ ಸುಲಭ. ಬಹಳ ಲೈಬ್ರರಿಗಳ ವೆಬ್‌ಸೈಟಿನಲ್ಲಿ ಪುಸ್ತಕ ಸೂಚಿಸುವ ಫಾರಂ ಇದೆ. ಪುಸ್ತಕದ ಹೆಸರು, ಲೇಖಕರು, ಐಎಸ್‌ಬಿಎನ್ ಕೊಡಿ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಬರೆಯಿರಿ, ಇಲ್ಲದಿದ್ದರೆ ಅವರಿಗೆ ಕೆಟಲಾಗ್ ಮಾಡಲು ತೊಂದರೆ. ಕಥೆ ಏನು ಎಂದು ನಾಲ್ಕು ಸಾಲು ಬರೆದರೆ ಇನ್ನೂ ಒಳ್ಳೆಯದು. ನಾವು ಏಳು ಮನೆಯವರು ಸೇರಿ ಕೇಳಿದೆವು. ಮೊದಲ ಸಲ ಉತ್ತರವೇ ಬರಲಿಲ್ಲ. ಎರಡನೇ ಸಲ ಎಲ್ಲರೂ ಬೇರೆ ಬೇರೆ ಫಾರಂ ಹಾಕಿದೆವು. ಈಗ ತಮಿಳು, ತೆಲುಗು ಪುಸ್ತಕಗಳ ಪಕ್ಕದಲ್ಲಿ ಹನ್ನೊಂದು ಕನ್ನಡ ಪುಸ್ತಕ ಇವೆ. ಕಳೆದ ವಾರ ಹೋದಾಗ ಮೂರು ಯಾರೋ ತೆಗೆದುಕೊಂಡು ಹೋಗಿದ್ದರು.